ಮೊಳಕ್ಕೊಂದು ಟಕ್

ಹೊಲಿಗೆ ಮಷಿನ್ನಿಗೆ ಬಿಡುವ ಎಣ್ಣೆಗೆ ವಾಸನೆಯೇ ಇಲ್ಲ ಎಂದು ಬಹಳ ಜನ ಹೇಳುತ್ತಾರೆ. ಅವರು ಅದನ್ನು ಬಟ್ಟೆಯ ಮೇಲಿನ ಕಲೆಯಾಗಿ ಮಾತ್ರ ನೋಡಿರುತ್ತಾರೆ. ತಿರುಗುವ ಲೋಹದ ನಡುವೆ ಒಂದು ಹನಿ ಬಿಟ್ಟು, ಅದು ಸ್ವಲ್ಪ ಬೆಚ್ಚಗಾಗುವವರೆಗೆ ಕಾದರೆ ತೆಳುವಾದ ಒಂದು ವಾಸನೆ ಏಳುತ್ತದೆ. ಕಳೆದ ತಿಂಗಳು ಹಾವೇರಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಮಷಿನ್ ರಿಪೇರಿ ಅಂಗಡಿಯ ಬೆಂಚಿನ ಮೇಲೆ ಹೆಂಡತಿಯ ಮಷಿನ್ನಿನ ಸರದಿಗಾಗಿ ಕಾಯುತ್ತಿದ್ದಾಗ ಆ ವಾಸನೆ ಬಂತು. ಮೇಸ್ತ್ರಿ ಯಾರದೋ ಮಷಿನ್ನಿನ ಗಾಲಿ ತಿರುಗಿಸಿ, ಕಿವಿ ಹತ್ತಿರ ತಂದು ಕೇಳುತ್ತಿದ್ದ. ನಾನು ಎದ್ದು ಹೊರಗೆ ಬಂದು ನಿಂತೆ. ಎಪ್ಪತ್ತೈದು ದಾಟಿದ ಮನುಷ್ಯ ಎಣ್ಣೆಯ ವಾಸನೆಗೆ ಎದ್ದು ಹೋದದ್ದೇಕೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳಬೇಕಾಗುತ್ತಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಸೈನ್ಯದ ವರ್ಕ್‌ಶಾಪಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದು, ಸುಬೇದಾರನಾಗಿ ನಿವೃತ್ತನಾಗಿ ಹಾವೇರಿಗೆ ಬಂದು ನೆಲೆಸಿದವನು. ನಾಲ್ಕೂವರೆಗೆ ಏಳುವುದು, ಐದಕ್ಕೆ ದಾಡಿ, ಐದೂವರೆಗೆ ಮನೆಯ ಬಾಗಿಲು ದಾಟುವುದು ಈಗಲೂ ತಪ್ಪಿಲ್ಲ. ಮನೆಯ ಹಿಂದಿನ ತಗಡಿನ ಖೋಲಿಯಲ್ಲಿ ನನ್ನ ರಿಪೇರಿ ಹತಾರಗಳಿವೆ. ಪ್ರತಿ ಹತಾರದ ಆಕಾರವನ್ನು ಗೋಡೆಯ ಹಲಗೆಯ ಮೇಲೆ ಬಣ್ಣದಲ್ಲಿ ಬರೆದಿದ್ದೇನೆ. ಯಾವುದು ಜಾಗದಲ್ಲಿಲ್ಲ ಎಂಬುದು ಬಾಗಿಲಲ್ಲಿ ನಿಂತರೇ ತಿಳಿಯುತ್ತದೆ. ಹಳೆಯ ತಿರುಪು, ವಾಷರು, ಸ್ಪ್ರಿಂಗುಗಳನ್ನು ಡಬ್ಬಿಗಳಲ್ಲಿ ಹಾಕಿ, ಎಲ್ಲಿಂದ ಬಿಚ್ಚಿದ್ದು, ಯಾವಾಗ ಬಿಚ್ಚಿದ್ದು ಎಂದು ಚೀಟಿ ಅಂಟಿಸಿದ್ದೇನೆ. ಏನನ್ನೂ ಎಸೆಯುವುದಿಲ್ಲ. ಈ ಮಾತನ್ನು ಓದುವವರು ನೆನಪಿನಲ್ಲಿಡಬೇಕು.

ಗುಡ್ಡಗಾಡಿನ ಒಂದು ಪೋಸ್ಟಿಂಗಿನಲ್ಲಿ ನಮ್ಮ ಸಾಹೇಬರೊಬ್ಬರು ನನಗೆ ಗಾಳ ಹಾಕುವುದನ್ನು ಕಲಿಸಿದರು. ವರ್ಗವಾಗಿ ಹೋಗುವಾಗ ತಮ್ಮ ಸೆಂಟರ್‌ಪಿನ್ ರೀಲನ್ನೂ ಕೊಟ್ಟು ಹೋದರು. ಆ ರೀಲಿನಲ್ಲಿ ಹಲ್ಲುಚಕ್ರಗಳಿಲ್ಲ, ಬ್ರೇಕಿಲ್ಲ. ಹಿಂದೆ ಒಂದು ತಟ್ಟೆ, ಅದರ ನಡುವೆ ಒಂದು ಉಕ್ಕಿನ ಕಡ್ಡಿ, ಕಡ್ಡಿಯ ಮೇಲೆ ತಿರುಗುವ ನೂಲು ಸುತ್ತಿದ ಚಕ್ರ, ಅಷ್ಟೇ. ಗಾಳವನ್ನು ತೇಲಿಸುವ ಬೆಂಡನ್ನು ನೀರಿಗೆ ಬಿಟ್ಟರೆ ಹೊಳೆ ಅದನ್ನು ಎಳೆದುಕೊಂಡು ಹೋಗುತ್ತದೆ, ಬೆಂಡು ನೂಲನ್ನು ಎಳೆಯುತ್ತದೆ, ನೂಲು ಚಕ್ರವನ್ನು ತಿರುಗಿಸುತ್ತದೆ. ಹಿಡಿದವನ ಹೆಬ್ಬೆರಳು ಚಕ್ರದ ಅಂಚಿನ ಮೇಲಿರುತ್ತದೆ. ಒತ್ತಿದರೆ ನಿಲ್ಲುತ್ತದೆ, ಬಿಟ್ಟರೆ ಹೋಗುತ್ತದೆ. ಚಕ್ರ ಎಷ್ಟು ಹಗುರವಾಗಿ ತಿರುಗುತ್ತದೆಯೋ ಬೆಂಡು ಅಷ್ಟು ಸಹಜವಾಗಿ ತೇಲುತ್ತದೆ, ಮೀನಿಗೆ ಅಷ್ಟು ಅನುಮಾನ ಕಡಿಮೆ. ನನಗೆ ಕಲಿಸಿದ್ದು ಇದು. ನಾನು ನಂಬಿದ್ದೂ ಇದನ್ನೇ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ಮನೆಮನೆಗೆ ಸಿ.ಡಿ. ಬಂದು, ವಿಸಿಆರ್‌ಗಳು ರಿಪೇರಿ ಅಂಗಡಿಗಳ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಕಾಲ. ಆ ವರ್ಷ ಮಳೆ ಚೆನ್ನಾಗಿ ಆಗಿತ್ತು. ಮಹಾನವಮಿಯ ಹೊತ್ತಿಗೆ ಹೊಳೆ ಇಳಿದ ಮೇಲೆ ಬುಧವಾರ ಮತ್ತು ಭಾನುವಾರ ಮೊದಲ ಬಸ್ಸಿಗೆ ಗಳಗನಾಥಕ್ಕೆ ಹೋಗುವುದು ನನ್ನ ನಿಯಮವಾಯಿತು. ಅಲ್ಲಿ ವರದೆ ಬಂದು ತುಂಗಭದ್ರೆಗೆ ಸೇರುತ್ತದೆ. ಸೇರಿದ ಮೇಲೂ ಸ್ವಲ್ಪ ದೂರ ವರದೆಯ ಕೆಂಪು ನೀರು ತನ್ನ ಪಾಡಿಗೆ ತಾನು ಒಂದು ಪಟ್ಟೆಯಾಗಿ ಹರಿಯುತ್ತದೆ. ಗುಡಿಯನ್ನು ದಾಟಿ, ಹರಿವಿನ ಕೆಳಗೆ ಅರ್ಧ ಮೈಲು ನಡೆದರೆ ಒಂದು ಇಳಿಜಾರು ದಂಡೆ. ಮೊದಲ ದಿನ ಅಲ್ಲಿಗೆ ಹೋದಾಗ ಮನುಷ್ಯ ಕಾಣುವ ಮೊದಲು ಸದ್ದು ಕೇಳಿಸಿತು. ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್. ಸಡಿಲ ಬಾಗಿಲು ಗಾಳಿಗೆ ಬಡಿದ ಹಾಗೆ.

ಒಬ್ಬ ಮುದುಕ ಬಿಳಿ ಟೊಪ್ಪಿಗೆ ಹಾಕಿಕೊಂಡು, ಲುಂಗಿ ಮೊಳಕಾಲಿಗೆ ಎತ್ತಿ ಕಟ್ಟಿ ಕಲ್ಲಿನ ಮೇಲೆ ಕುಳಿತಿದ್ದ. ಬಿದಿರಿನ ಕೋಲಿಗೆ ಕಟ್ಟಿದ್ದ ರೀಲು ನನ್ನದರಂತೆಯೇ ಸೆಂಟರ್‌ಪಿನ್ನು. ಆದರೆ ಅಂಥ ಕುರೂಪಿ ರೀಲನ್ನು ನಾನು ನೋಡಿರಲಿಲ್ಲ. ಒಡೆದ ಪಾತ್ರೆಗಳನ್ನು ಕರಗಿಸಿ ಎರಕ ಹೊಯ್ದ ಅಲ್ಯೂಮಿನಿಯಂ ಚಕ್ರ, ಚಹಾದ ಬಸಿಯ ಅಳತೆಯದು. ಹಿಂದಿನ ತಟ್ಟೆ ಹಿತ್ತಾಳೆಯ ತಕ್ಕಡಿಯ ಪರಡಿಯಿಂದ ಕತ್ತರಿಸಿದ್ದು. ನಡುವೆ ಕಡ್ಡಿಯ ಮೇಲೆ ಕೂರುವ ಹಿತ್ತಾಳೆಯ ಬಳೆ, ಅಂದರೆ ಬುಶ್ಶು, ಸವೆದು ಚಕ್ರ ಕೆಳಗೆ ಜೋತುಬಿದ್ದಿತ್ತು. ಚಕ್ರದ ಅಂಚಿಗೆ ಯಾವಾಗಲೋ ಬಿದ್ದ ಒಂದು ತಗ್ಗು. ಅದರ ಉಬ್ಬು ಸುತ್ತಿಗೊಮ್ಮೆ ತಟ್ಟೆಗೆ ತಾಗಿ ಟಕ್ ಎನ್ನುತ್ತಿತ್ತು.

"ಬರ್ರಿ, ಬರ್ರಿ. ಬೂಟಿನ ಸಪ್ಪಳಾ ಕೇಳಿದ್ರ ಮಿಲಿಟ್ರಿಯವರು ಅನಸ್ತೈತಿ," ಎಂದ ಅವನು, ತಿರುಗಿ ನೋಡದೆ.

"ಸುಬೇದಾರ್ ಇದ್ದೆ. ಈಗ ರಿಟೈರ್," ಎಂದೆ.

"ನಾನೂ ರಿಟೈರ್ ನೋಡ್ರಿ. ಬ್ಯಾಡಗಿ ಪ್ಯಾಟ್ಯಾಗ ಮೂವತ್ತು ವರ್ಸ ಮೆಣಸಿನಕಾಯಿ ತೂಗೇನಿ. ನಿಮಗ ಸರಕಾರ ಪಿಂಚಣಿ ಕೊಟ್ಟೈತಿ, ನನಗ ಮೆಣಸಿನಕಾಯಿ ಸೀನು ಕೊಟ್ಟೈತಿ." ಹೇಳಿ ಅವನೇ ನಕ್ಕ. ನಕ್ಕದ್ದಕ್ಕೆ ಸೀನೂ ಬಂತು.

ಅವರು ಖಾಸಿಂಸಾಬರು. ಹೆಂಡತಿ ತೀರಿಕೊಂಡ ಮೇಲೆ ಗಳಗನಾಥದಲ್ಲಿ ಮಗಳ ಮನೆಯಲ್ಲಿದ್ದರು. ಮಗಳು ಹಸೀನಾ ಊರ ಹೆಂಗಸರಿಗೆ ಜಂಪರು ಹೊಲಿಯುತ್ತಿದ್ದಳು, ಅಳಿಯ ಗೂಡ್ಸ್ ಟೆಂಪೋ ಓಡಿಸುತ್ತಿದ್ದ. ರೀಲು ಮಾಡಿಕೊಟ್ಟದ್ದು ರಾಣೆಬೆನ್ನೂರಿನ ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಲೇತ್ ನಡೆಸುವ ಟರ್ನರ್ ಆಗಿದ್ದ ಅವರ ಅಣ್ಣ. ಅಣ್ಣ ಈಗಿಲ್ಲ.

ಆ ದಿನ ನಾನು ಎರಡು ಸಣ್ಣ ಮೀನು ಹಿಡಿದೆ, ಅವರು ಆರು ಗೆಂಡೆ ಮೀನು ಹಿಡಿದರು. ಮುಂದಿನ ಬುಧವಾರವೂ ಹೆಚ್ಚುಕಡಿಮೆ ಹಾಗೆಯೇ. ಹೊಳೆಯ ನಡುವೆ ಎಮ್ಮೆಬಂಡೆ ಎಂದೊಂದು ಕಲ್ಲಿತ್ತು. ಅದರ ಮುಂದೆ ನೀರು ಸುಳಿದು ನಿಧಾನವಾಗುವ ಕಡೆ ಗೆಂಡೆಗಳು ನಿಲ್ಲುತ್ತಿದ್ದವು. ಬಂಡೆ ದಾಟಿದರೆ ಮುಳುಗಿದ ಜಾಲಿ ಮರದ ಬೇರುಗಳು. ಅಲ್ಲಿಗೆ ಗಾಳ ಹೋದರೆ ಸಿಕ್ಕಿಬಿತ್ತೆಂದೇ ಲೆಕ್ಕ. ಖಾಸಿಂಸಾಬರ ಬೆಂಡು ಪ್ರತಿಸಲವೂ ಸರಿಯಾಗಿ ಸುಳಿಯಲ್ಲಿ ನಿಲ್ಲುತ್ತಿತ್ತು. ಒಂದು ಗೇಣು ಹಿಂದಿಲ್ಲ, ಒಂದು ಗೇಣು ಮುಂದಿಲ್ಲ. ಅವರ ತುಟಿ ಮಾತ್ರ ಅಲ್ಲಾಡುತ್ತಿರುತ್ತಿತ್ತು. ಕಿವಿಗೊಟ್ಟು ಕೇಳಿದರೆ, "ಲಾಭ... ಎರಡು... ಮೂರು..." ಬ್ಯಾಡಗಿ ಪೇಟೆಯ ತೂಕದವರು ಮೊದಲ ತೂಕಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಮುದುಕನಿಗೆ ಹಳೆಯ ಚಟ ಬಿಟ್ಟಿಲ್ಲ ಎಂದುಕೊಂಡೆ. ಅದಕ್ಕಿಂತ ಹೆಚ್ಚು ಯೋಚಿಸಲಿಲ್ಲ.

ನನಗೆ ಆ ಟಕ್ ಸದ್ದು ತಡೆಯಲಾಗುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ನನ್ನ ಕೆಲಸವೇ ಅದಾಗಿತ್ತು: ಸದ್ದು ಮಾಡುವ ಯಂತ್ರದ ಮುಂದೆ ನಿಂತು, ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ, ಅದನ್ನು ನಿಲ್ಲಿಸುವುದು. ಸವೆದ ಬುಶ್ಶಿನ ಮೇಲೆ ಕುಂಟುತ್ತಿದ್ದ ಆ ಚಕ್ರವನ್ನು ನೋಡುತ್ತ ಕೂರುವುದು, ಶರ್ಟಿನ ಗುಂಡಿ ತಪ್ಪು ಕಾಜಿಗೆ ಹಾಕಿಕೊಂಡವನ ಎದುರು ಕೂತ ಹಾಗೆ. ಇದು ಕಾರಣಗಳಲ್ಲಿ ಒಂದು. ಇನ್ನೊಂದನ್ನು ಆಗ ನನಗೆ ನಾನೇ ಹೇಳಿಕೊಂಡಿರಲಿಲ್ಲ. ಸಾಹೇಬರು ಕೊಟ್ಟ ನನ್ನ ವಿಲಾಯತಿ ರೀಲಿಗಿಂತ ಆ ಕುಂಟು ರೀಲು ಹೆಚ್ಚು ಮೀನು ಹಿಡಿಯುತ್ತಿತ್ತು. ಅದು ಸರಿಯಾದ ಲೆಕ್ಕವಾಗಿ ನನಗೆ ಕಾಣುತ್ತಿರಲಿಲ್ಲ.

ದೀಪಾವಳಿ ಕಳೆದು ಒಂದು ವಾರಕ್ಕೆ ಖಾಸಿಂಸಾಬರು ಬ್ಯಾಡಗಿಯಲ್ಲಿ ನೆಂಟರ ಮದುವೆಗೆ ಹೊರಟವರು ದಾರಿಯಲ್ಲಿ ಹಾವೇರಿಯಲ್ಲಿ ಇಳಿದು, ರಿಕ್ಷಾ ಮಾಡಿಕೊಂಡು ನನ್ನ ಮನೆಗೆ ಬಂದರು. ಕೈಯಲ್ಲಿ ಅರಿವೆಯಲ್ಲಿ ಸುತ್ತಿದ ರೀಲು. ತಗಡಿನ ಖೋಲಿಯಲ್ಲಿ ಕುಳ್ಳಿರಿಸಿ ಚಹಾ ತರಿಸಿದೆ. ಅವರು ಡಬ್ಬಿಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ಅಲ್ಲಾಡಿಸಿ ಕೇಳಿದರು. ಚೀಟಿಗಳನ್ನು ಓದಿ ಹೇಳಲು ನನಗೆ ಹೇಳಿದರು. ಓದು ಬರುವುದಿಲ್ಲವೇನೋ ಎಂದುಕೊಂಡೆ.

"ಇದರಾಗ ಏನೈತ್ರಿ?"

"ನಮ್ಮ ಬಾಗಲದ ಹಳೇ ಕೊಂಡಿ ಮೊಳಿ. ಮುರದಾವು."

"ಅಲ್ರೀ ಸುಬೇದಾರ್ರ, ಮುರದ ಮೊಳಿಗೂ ಹೆಸರ ಇಟ್ಟು ತೊಟ್ಟಲದಾಗ ಹಾಕೀರಲ್ರಿ! ನಿಮ್ಮ ಮನಿಯಾಗ ಹುಟ್ಟಿದ ಮೊಳಿ ಪುಣ್ಯಾ ಮಾಡಿತ್ತು ಬಿಡ್ರಿ."

ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಬಾಯಿಗೆ ಸೆರಗು ಹಿಡಿದು ನಕ್ಕಳು. ನಾನೂ ನಕ್ಕೆ.

ಹೊರಡುವಾಗ ರೀಲನ್ನು ನನ್ನ ಕೈಗೆ ಕೊಟ್ಟು, "ಒಂದು ಹನಿ ಎಣ್ಣಿ ಬಿಟ್ಟು ಇಟ್ಟಿರ್ರಿ. ಮದುವಿ ಮನಿಯಾಗ ಯಾರರೆ ಆಡಾಕ ಒಯ್ದಾರು. ಬರೂ ಐತವಾರ ಹೊಳಿಗೆ ತಗೊಂಡು ಬರ್ರಿ," ಎಂದರು.

ಅವರು ಕೇಳಿದ್ದು ಒಂದು ಹನಿ ಎಣ್ಣೆ.

ಅವರ ಬಸ್ಸು ಹೊರಟ ಮರುದಿನವೇ ನಾನು ರಾಣೆಬೆನ್ನೂರಿಗೆ ಹೋದೆ. ಅಲ್ಲಿ ಟಿ.ವಿ. ರಿಪೇರಿ ಮಾಡುವ ಗೆಳೆಯನೊಬ್ಬನಿದ್ದ. ಅವನ ಅಂಗಡಿಯ ಮೂಲೆಯಲ್ಲಿದ್ದ ಸತ್ತ ವಿಸಿಆರ್ ಒಂದನ್ನು ಬಿಚ್ಚಿ, ಟೇಪು ಓದುವ ಉರುಳೆಯ ಒಳಗಿನ ಎರಡು ಪುಟ್ಟ ಬಾಲ್ ಬೇರಿಂಗುಗಳನ್ನು ತೆಗೆದುಕೊಂಡೆ. ಅಷ್ಟು ನಯವಾಗಿ ತಿರುಗುವ ಬೇರಿಂಗು ಬೇರೆ ಎಲ್ಲೂ ಸಿಗುವುದಿಲ್ಲ. ಮನೆಗೆ ಬಂದು ಸವೆದ ಬುಶ್ಶನ್ನು ವೈಸಿನಲ್ಲಿ ಒತ್ತಿ ಹೊರಗೆ ತಳ್ಳಿದೆ. ದೊಡ್ಡ ಬೇರಿಂಗು ತಂದು ಚಕ್ರದ ತೂತನ್ನೇ ಕೊರೆದು ದೊಡ್ಡದು ಮಾಡಬಹುದಿತ್ತು. ಮಾಡಲಿಲ್ಲ. ಮರಳಿ ಕೂಡಿಸಲಾಗದ್ದನ್ನು ಕತ್ತರಿಸಬಾರದು ಎಂಬುದು ವರ್ಕ್‌ಶಾಪಿನ ಮೊದಲ ಪಾಠ. ನನ್ನ ಖೋಲಿಯ ಪುಟ್ಟ ಲೇತಿನ ಮೇಲೆ ಹಿತ್ತಾಳೆಯ ತೆಳು ಕೊಳವೆ ತಿರುಗಿಸಿ, ಬೇರಿಂಗುಗಳನ್ನು ಅದರೊಳಗೆ ಕೂರಿಸಿ, ಕೊಳವೆಯನ್ನು ಬುಶ್ಶಿನ ಜಾಗಕ್ಕೆ ಒತ್ತಿದೆ. ಚಕ್ರ ಮೇಲೆದ್ದು ನೆಟ್ಟಗೆ ನಿಂತಿತು. ಅಂಚಿನ ಉಬ್ಬು ಈಗ ತಟ್ಟೆಯಿಂದ ಕೂದಲೆಳೆಯಷ್ಟು ದೂರ. ಬೆರಳಿನಿಂದ ಒಮ್ಮೆ ತಳ್ಳಿ ಗಡಿಯಾರ ನೋಡಿದೆ. ಎರಡು ನಿಮಿಷ ಹತ್ತು ಸೆಕೆಂಡು ತಿರುಗಿತು. ನನ್ನ ವಿಲಾಯತಿ ರೀಲು ಒಂದೂ ಮುಕ್ಕಾಲು ನಿಮಿಷ ಮಾತ್ರ ತಿರುಗುತ್ತಿತ್ತು. ಸದ್ದು? ಸ್ವಲ್ಪವೂ ಇಲ್ಲ. ಹೆಂಡತಿಯನ್ನು ಕರೆದು ತೋರಿಸಿದೆ. ಪಕ್ಕದ ಮನೆಯವರನ್ನು ಕರೆದು ತೋರಿಸಿದೆ.

ಹಳೆಯ ಬುಶ್ಶನ್ನು ಒಂದು ಡಬ್ಬಿಗೆ ಹಾಕಿ ಚೀಟಿ ಬರೆದೆ: 'ಖಾಸಿಂಸಾಬ್ ರೀಲು, ಬುಶ್, ಸವೆದದ್ದು.' ಮೂರನೆಯ ಹಲಗೆಯ ಮೇಲೆ ಇಟ್ಟೆ.

ಭಾನುವಾರ ದಂಡೆಯ ಮೇಲೆ ರೀಲನ್ನು ಅವರ ಕೈಗಿಟ್ಟು, "ತಿರಗಸ್ರಿ," ಎಂದೆ. ಅವರು ತಳ್ಳಿದರು. ಚಕ್ರ ತಿರುಗಿತು. ಅವರು ಕಿವಿ ಓರೆ ಮಾಡಿ ಕಾದರು. ಇನ್ನೂ ಸ್ವಲ್ಪ ಕಾದರು.

"ತಿರಗಾಕತ್ತೈತೇನ್ರಿ?"

"ಎರಡು ನಿಮಿಷ ತಿರಗತೈತಿ ಖಾಸಿಂಸಾಬ್ರ! ನಿಮ್ಮ ಅಣ್ಣಾರು ಇದ್ದಿದ್ರ ನನ್ನ ಬೆನ್ನು ಚಪ್ಪರಿಸ್ತಿದ್ರು."

ಅವರು ಹೆಬ್ಬೆರಳಿಂದ ಅಂಚನ್ನು ಒತ್ತಿ ನಿಲ್ಲಿಸಿದರು. ಮುಖದ ಮೇಲೆ ಏನೋ ಬಂದು ಹೋಯಿತು. "ಭಾಳ ತ್ರಾಸ್ ತಗೊಂಡೀರಿ," ಎಂದರು. ನಾನು ಅದನ್ನು ಹೊಗಳಿಕೆ ಎಂದು ಇಟ್ಟುಕೊಂಡೆ.

ಆ ದಿನ ಅವರ ಗಾಳ ಮೂರು ಸಲ ಜಾಲಿ ಬೇರಿಗೆ ಸಿಕ್ಕಿತು. ನೂಲು ಹರಿದುಕೊಂಡರು. ನಾನು ನಾಲ್ಕು ಗೆಂಡೆ ಹಿಡಿದೆ, ಅವರಿಗೆ ಒಂದೂ ಇಲ್ಲ. ಹೊಸ ರೀಲು ಕೈಗೆ ಹೊಂದಬೇಕು, ಎರಡು ವಾರ ಬೇಕಾಗುತ್ತದೆ ಎಂದು ನಾನು ಪಾಠ ಹೇಳಿದೆ. ಮುಂದಿನ ವಾರವೂ ಹಾಗೆಯೇ ಆಯಿತು. ಚಕ್ರ ತಡೆಯಿಲ್ಲದೆ ಓಡಿ, ಬೆಂಡು ನಿಂತ ಮೇಲೂ ತಿರುಗುತ್ತ ನೂಲನ್ನು ಗೂಡುಗೂಡಾಗಿ ಹೊರಗೆ ಚೆಲ್ಲುತ್ತಿತ್ತು. ಅವರು ಕೂತು ಬೆರಳುಗಳಿಂದ ಗಂಟು ಬಿಡಿಸುತ್ತಿದ್ದರು. ನೋಡದೆ ಬಿಡಿಸುತ್ತಿದ್ದರು ಎಂಬುದನ್ನೂ ನಾನು ಗಮನಿಸಿದ್ದೆ. ಗಮನಿಸಿ ಅಲ್ಲಿಗೆ ಬಿಟ್ಟಿದ್ದೆ.

ಮೂರನೆಯ ವಾರ ಬುತ್ತಿ ಬಿಚ್ಚಿಕೊಂಡು ಕೂತಾಗ ಅವರು ದನಿ ತಗ್ಗಿಸಿ ಕೇಳಿದರು. "ಸುಬೇದಾರ್ರ, ಒಂದು ಮಾತು. ಆ ಹಳೇ ಬುಶ್ ಐತೇನ್ರಿ?"

"ಯಾಕ್ರಿ?"

"ನನಗ ಕಣ್ಣು ಕಾಣಂಗಿಲ್ರಿ. ಬೆಂಡು ಕಾಣದ ಎರಡು ವರ್ಸ ಆತು. ಹುಬ್ಬಳ್ಳಿಗೆ ಹೋಗಿ ತೋರಿಸೇನಿ, ಕಣ್ಣಿನ ಹಿಂದಿನ ನರಾ ಒಣಗ್ಯಾವು, ಆಪರೇಸನ್ನಿಗೂ ಬಗಿಹರ್ಯಂಗಿಲ್ಲ ಅಂದ್ರು. ಎದುರಿಗೆ ಮನಶಾರು ನಿಂತ್ರ ನೆಳ್ಳು ಕಾಣತೈತಿ, ಅಷ್ಟ. ಒಂದು ಟಕ್ ಅಂದ್ರ ಒಂದು ಮೊಳ ನೂಲು. ಮೂವತ್ತೆಂಟು ಟಕ್ಕಿಗೆ ಎಮ್ಮಿಬಂಡಿ ಮುಂದ ಬರತೈತಿ. ಅದನ್ನ ಎಣಿಸಿ ಹಿಡೀತಿದ್ದೆ. ಈಗ ನಿಮ್ಮ ಚಕ್ರ ಮಾತಾಡವಲ್ದು."

ನನ್ನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು.

"ಹಸೀನಾಗ ಗೊತ್ತಿಲ್ರಿ. ಮಬ್ಬು ಆಗ್ಯಾವ ಅಂತಷ್ಟ ಹೇಳೇನಿ. ಖರೇ ತಿಳೀತಂದ್ರ ಹೊಸ್ತಿಲಾ ದಾಟಾಕ ಬಿಡಂಗಿಲ್ಲ. ಮೀನು ಒಯ್ತೀನಿ ಅಂತ ಮನಿಯಾಗ ನನಗ ಒಂದು ಜಾಗಾ ಐತಿ ನೋಡ್ರಿ. ಇಲ್ಲಾಂದ್ರ ಮೂಲ್ಯಾಗ ಕುಂತ ಮುದುಕ. ಬುಶ್ ಐತೇನು?"

ಇದ್ದೇ ಇತ್ತು. ಮೂರನೆಯ ಹಲಗೆ, ಎಡದಿಂದ ಐದನೆಯ ಡಬ್ಬಿ. ಮರಳಿ ಕೂರಿಸಲು ಇಪ್ಪತ್ತು ನಿಮಿಷ ಸಾಕಿತ್ತು.

"ಇಲ್ಲಲ್ರಿ," ಎಂದೆ. "ಎಸದುಬಿಟ್ಟೆ."

ಯಾಕೆ ಹಾಗೆ ಅಂದೆ ಎಂದು ಇಷ್ಟು ವರ್ಷ ನನ್ನನ್ನು ನಾನು ಕೇಳಿಕೊಂಡಿದ್ದೇನೆ. ಸವೆದ ಭಾಗವನ್ನು ಒಳ್ಳೆಯ ಯಂತ್ರಕ್ಕೆ ಮರಳಿ ಹಾಕುವ ಕೆಲಸವನ್ನು ನನ್ನ ಕೈ ಎಂದೂ ಮಾಡಿರಲಿಲ್ಲ, ಅದು ನಿಜ. ಪಕ್ಕದ ಮನೆಯವರಿಗೆಲ್ಲ ತೋರಿಸಿ ಮೆರೆದಿದ್ದೆ, ಅದೂ ನಿಜ. ಆದರೆ ಬುಶ್ಶು ಮರಳಿ ಹಾಕಿದರೆ, ನಾನು ಕೇಳದೆ ತಪ್ಪು ಮಾಡಿದೆ ಎಂದು ಪ್ರತಿ ಟಕ್ಕೂ ದಂಡೆಯ ಮೇಲೆ ಕೂಗಿ ಹೇಳುತ್ತದೆ ಎಂದು ಅನಿಸಿದ್ದು ಎಲ್ಲಕ್ಕಿಂತ ನಿಜ. ಕಣ್ಣಿಲ್ಲದವನೊಬ್ಬ ಕೈಚಾಚಿ ಕೇಳಿದಾಗ ನನಗೆ ಮೊದಲು ನೆನಪಾದದ್ದು ನನ್ನ ಮರ್ಯಾದೆ.

ಖಾಸಿಂಸಾಬರು, "ಎಸದ್ರೇನು?" ಎಂದರು. "ಆತು ಬಿಡ್ರಿ."

ಅದಕ್ಕೆ ಪರಿಹಾರ ಎಂಬಂತೆ ನಾನು ಇನ್ನೊಂದು ಬದಲಾವಣೆ ಮಾಡಿದೆ. ಹಳೆಯ ಅಲಾರಂ ಗಡಿಯಾರದ ಹಲ್ಲುಚಕ್ರವನ್ನು ರೀಲಿನ ಚಕ್ರದ ಒಳಗೆ ಕೂರಿಸಿ, ತಟ್ಟೆಗೆ ಒಂದು ಸ್ಪ್ರಿಂಗಿನ ನಾಲಗೆ ಬಿಗಿದೆ. ತಿರುಗಿದರೆ ಟಿಕಿಟಿಕಿ ಎನ್ನುತ್ತಿತ್ತು. ಒಂದು ಸುತ್ತಿಗೆ ಇಪ್ಪತ್ತನಾಲ್ಕು ಸಲ. ಖಾಸಿಂಸಾಬರು ಎರಡು ಸಲ ಬಿಟ್ಟು ನೋಡಿದರು. ಎಣಿಸಲು ಹೋಗಿ ನಾಲಗೆ ತೊಡರಿ ನಕ್ಕರು.

"ಇದು ರೀಲ್ ಅಲ್ರಿ, ಬೀಗರ ಮನಿಯಿಂದ ಬಂದ ಸೊಸಿ. ಉಸರ ತಗೋಳ್ದ ಮಾತಾಡ್ತೈತಿ. ತಗದಬಿಡ್ರಿ ಇದನ್ನ."

ತೆಗೆದೆ. ಆಗಲಾದರೂ ಬುಶ್ಶು ತರಬಹುದಿತ್ತು. 'ಹುಡುಕಿದೆ, ಸಿಕ್ಕಿತು' ಎಂದರೆ ಮುಗಿಯುತ್ತಿತ್ತು. ಒಂದು ಬುಧವಾರ ಡಬ್ಬಿಯನ್ನು ಚೀಲಕ್ಕೂ ಹಾಕಿಕೊಂಡಿದ್ದೆ. ಗುತ್ತಲ ದಾಟುವ ಹೊತ್ತಿಗೆ, ಎಸೆದೆ ಎಂದವನ ಹತ್ತಿರ ಹೇಗೆ ಬಂತು ಎಂದು ಅವರು ಕೇಳಿದರೆ ಎನ್ನುವ ಯೋಚನೆ ಬಂತು. ಡಬ್ಬಿ ಚೀಲದಲ್ಲೇ ಹೋಗಿ ಚೀಲದಲ್ಲೇ ಬಂತು. ಸಂಜೆ ಅದರ ಜಾಗದಲ್ಲಿ ಇಟ್ಟೆ.

ಸಂಕ್ರಾಂತಿಯ ಹಿಂದಿನ ವಾರ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಆವಕ ಶುರುವಾಗಿದೆ, ಪೇಟೆ ಕೆಂಪಗೆ ಕಾಣುತ್ತಿರಬೇಕು ಎಂದು ಖಾಸಿಂಸಾಬರು ಬೆಳಗಿನಿಂದ ಅದೇ ಮಾತಾಡುತ್ತಿದ್ದರು. ನಾನು ಇಪ್ಪತ್ತು ಹೆಜ್ಜೆ ಮೇಲಿದ್ದೆ. ಅವರು ಬೆಂಡು ಬಿಟ್ಟರು. ಟಕ್ ಇಲ್ಲದಿದ್ದರೂ ತುಟಿ ಅಲ್ಲಾಡುತ್ತಿತ್ತು. ಅಂದಾಜಿನ ಮೇಲೆ ಎಣಿಸುತ್ತಿದ್ದರು. ಬೆಂಡು ಎಮ್ಮೆಬಂಡೆ ದಾಟುವುದನ್ನು ನಾನು ನೋಡಿದೆ. ಕೂಗಬಹುದಿತ್ತು. ಕೂಗಿದರೆ ಅವರಿಗೆ ಅವಮಾನ ಎಂದು ನೆಪ ಹೇಳಿಕೊಂಡು ಸುಮ್ಮನಿದ್ದೆ. ಗಾಳ ಬೇರಿಗೆ ಸಿಕ್ಕಿತು. ಆ ಸಲ ಅವರು ನೂಲು ಹರಿಯಲಿಲ್ಲ. ಎಷ್ಟು ಸಲ ಅಂತ ಹರಿಯುವುದು ಎನಿಸಿತೇನೋ. ಕೋಲು ಹಿಡಿದು, ನೂಲನ್ನೇ ಹಗ್ಗದ ಹಾಗೆ ಹಿಡಿದುಕೊಂಡು ಅದರ ಜಾಡಿನಲ್ಲಿ ನೀರಿಗೆ ಇಳಿದರು. ಮೊಳಕಾಲು, ತೊಡೆ, ನಡು. ಅಲ್ಲೊಂದು ಮರಳು ತೆಗೆದ ಗುಂಡಿ ಇದ್ದದ್ದು ಕಣ್ಣಿದ್ದವರಿಗೆಲ್ಲ ಗೊತ್ತಿತ್ತು. ಬಿಳಿ ಟೊಪ್ಪಿಗೆ ನೀರಿನ ಮೇಲೆ ಉಳಿಯಿತು, ಅವರು ಕಾಣಲಿಲ್ಲ.

ನಾನು ಬೂಟಿನೊಂದಿಗೇ ಇಳಿದೆ. ಕಾಲರ್ ಸಿಕ್ಕಿತು, ಎಳೆದೆ. ದಂಡೆಗೆ ತಂದು ಮಗ್ಗುಲಾಗಿ ಮಲಗಿಸಿ ಬೆನ್ನು ತಟ್ಟಿದೆ. ನೀರು ಕಾರಿಕೊಂಡು ಉಸಿರು ತೆಗೆದರು. ಕೋಲು ಅವರ ಕೈಯಲ್ಲೇ ಇತ್ತು. ರೀಲಿನ ಚಕ್ರ ಗಾಳಿಗೆ ತಿರುಗುತ್ತಿತ್ತು, ಸದ್ದಿಲ್ಲದೆ.

ಮನೆಗೆ ಕರೆದುಕೊಂಡು ಹೋದೆ. ಹಸೀನಾ ಹೊಲಿಗೆ ಬಿಟ್ಟು ಓಡಿ ಬಂದಳು. ಟವೆಲು ಹೊದೆಸಿ, ತಲೆ ಒರೆಸುತ್ತ, "ಏನಾತ್ರೀ ಕಾಕಾ? ಇಷ್ಟು ವರ್ಸ ಹೊಳಿಗೆ ಹೋಗ್ಯಾರ, ಒಮ್ಮೆರೆ ಕಾಲು ಜಾರಿಲ್ಲ. ಇವತ್ತೇನಾತು?" ಎಂದು ನನ್ನನ್ನು ಕೇಳಿದಳು.

ಖಾಸಿಂಸಾಬರು ಮುಖ ಎತ್ತಿ ನನ್ನ ದನಿ ಬರುವ ಕಡೆಗೆ ನೋಡುತ್ತಿದ್ದರು. ಉತ್ತರ ಎರಡಿದ್ದವು.

"ವಯಸ್ಸಾತವ್ವಾ," ಎಂದೆ. "ನಿಮ್ಮಪ್ಪಗ ಕಣ್ಣು ಕಾಣಂಗಿಲ್ಲ. ಎರಡು ವರ್ಸದಿಂದ ಕಾಣಂಗಿಲ್ಲ. ನಿನ್ನ ಮುಂದ ಮುಚ್ಚಿಟ್ಟಾರ. ಇನ್ನ ಹೊಳಿಗೆ ಕಳಸಬ್ಯಾಡ."

ಹಸೀನಾಳ ಕೈ ತಂದೆಯ ತಲೆಯ ಮೇಲೆಯೇ ನಿಂತುಬಿಟ್ಟಿತು. "ಅಬ್ಬಾ, ಖರೇ ಏನು?" ಎಂದು ತಂದೆಯನ್ನು ಕೇಳಿದಳು. ನಾನು ಏನು ಮಾಡಿದೆ ಎಂದು ಖಾಸಿಂಸಾಬರು ಒಂದೇ ಮಾತಿನಲ್ಲಿ ಹೇಳಬಹುದಿತ್ತು. ಹೇಳಿದ್ದು ಇಷ್ಟೇ: "ಆ ರೀಲ್ ಚಂದಾಗಿ ಒರಸಿ ಇಡವ್ವಾ. ಒಂದು ಹನಿ ಎಣ್ಣಿ ಬಿಡು. ಸುಬೇದಾರ್ರು ಅದಕ್ಕ ಭಾಳ ತ್ರಾಸ್ ತಗೊಂಡಾರ."

ನಾನು ಹನ್ನೊಂದು ಗಂಟೆಯ ಬಸ್ಸು ಹಿಡಿದೆ. ಮತ್ತೆ ಆ ದಂಡೆಗೆ ಹೋಗಲಿಲ್ಲ. ಬುಧವಾರ, ಭಾನುವಾರಗಳಿಗೆ ಬೇರೆ ಕೆಲಸ ಗೊತ್ತುಮಾಡಿಕೊಂಡೆ. ಮೂರು ವರ್ಷದ ಮೇಲೆ ಗುತ್ತಲದವರೊಬ್ಬರು, ಖಾಸಿಂಸಾಬರು ತೀರಿಕೊಂಡು ತಿಂಗಳಾಯಿತು ಎಂದರು. ಆಗಲೂ ಹೋಗಲಿಲ್ಲ. ಜನ ಮುದುಕನ ಜೀವ ಉಳಿಸಿದವನು ಎಂದು ನನ್ನನ್ನು ಹೊಗಳುತ್ತಿದ್ದರು. ತಿದ್ದಲಿಲ್ಲ.

ಇಷ್ಟೆಲ್ಲ ರಿಪೇರಿ ಅಂಗಡಿಯ ಹೊರಗೆ ನಿಂತು ನೆನೆಯುತ್ತಿದ್ದಾಗ ಹಿಂದಿನಿಂದ, "ಸುಬೇದಾರ್ ಕಾಕಾ ಅಲ್ಲೇನ್ರಿ?" ಎಂಬ ದನಿ ಬಂತು. ತಲೆಯ ಮೇಲೆ ಸೆರಗು ಹೊದ್ದ, ಕನ್ನಡಕದ ಹೆಂಗಸು. ಕೂದಲು ಅರ್ಧ ಬೆಳ್ಳಗಾಗಿತ್ತು. ಮೇಸ್ತ್ರಿ ಎಣ್ಣೆ ಬಿಡುತ್ತಿದ್ದ ಮಷಿನ್ ಹಸೀನಾಳದು.

"ಬೂಟು ನೋಡಿ ಗುರ್ತಾ ಹಿಡದೆ," ಎಂದಳು. "ಅಬ್ಬಾ ನಿಮ್ಮನ್ನ ಭಾಳ ನೆನಸತಿದ್ರು."

ನಾನು ನನ್ನ ಬೂಟಿನ ಕಡೆ ನೋಡಿಕೊಂಡೆ.

"ಮನ್ಯಾಗ ದಿನಾ ಸಂಜೀಕ ಕಟ್ಟಿ ಮ್ಯಾಲೆ ಕುಂತು ಆ ರೀಲ್ ತಿರಗಸ್ತಿದ್ರು. ಸಪ್ಪಳಾ ಬರತೈತೇನಂತ ಕೇಳತಿದ್ರು. ನಾನು, ಹೋತು ಬಿಡು ಅಬ್ಬಾ, ಆ ಬುಶ್ ಎಸದಾರಂತ ನೀನ ಹೇಳ್ತಿ ಅಂತಿದ್ದೆ. ಅದಕ್ಕ ಅವ್ರು ಏನಂತಿದ್ರು ಗೊತ್ತೇನ್ರಿ? 'ಏ ಹುಚ್ಚಿ, ಮುರದ ಮೊಳಿ ಎಸೀಲಾರದವರು ಬುಶ್ ಎಸೀತಾರೇನು? ಐತಿ ಅವರ ಹತ್ರ. ನಾಚಿಕಿ ಬಿಟ್ಟ ದಿವಸ ತರ್ತಾರ. ನಾನಿಲ್ದಾಗ ಬಂದ್ರೂ ಕುಂದ್ರಿಸಿ ಚಾ ಕೊಡು.'"

ಅವಳು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಿಂತು ಕೇಳುವುದು ನನಗೆ ಗೊತ್ತಿತ್ತು. "ರೀಲ್ ಐತ್ರಿ ಇನ್ನೂ. ಗ್ವಾಡಿ ಮೊಳಿಗೆ ತೂಗು ಹಾಕೇನಿ," ಎಂದು ಮಷಿನ್ನನ್ನು ರಿಕ್ಷಾದಲ್ಲಿ ಇಡಿಸಿಕೊಂಡು ಹೋದಳು.

ಮುಂದಿನ ಭಾನುವಾರ ಮೊದಲ ಬಸ್ಸಿಗೆ ಹೊರಟೆ. ಡಬ್ಬಿಯ ಮೇಲಿನ ಚೀಟಿ ಹಳದಿಯಾಗಿತ್ತು, ಅಕ್ಷರ ಹಾಗೆಯೇ ಇತ್ತು. ಕೈವೈಸು, ಮರದ ಸುತ್ತಿಗೆ ಚೀಲದಲ್ಲಿದ್ದವು. ಹಸೀನಾ ಕಟ್ಟೆಯ ಮೇಲೆ ಚಾಪೆ ಹಾಸಿ, ರೀಲು ಇಳಿಸಿಕೊಟ್ಟು, ಚಹಾ ತಂದಿಟ್ಟಳು. "ಬುಶ್ ಐತವ್ವಾ," ಎಂದೆ. "ಆವತ್ತೂ ಇತ್ತು. ನಿಮ್ಮಪ್ಪ ಕೇಳಿದಾಗ ಸುಳ್ಳು ಹೇಳಿದೆ. ಅವರು ಮುಳುಗಿದ್ದು ವಯಸ್ಸಿನಿಂದಲ್ಲ, ನನ್ನಿಂದ." ಎಷ್ಟೋ ಸಲ ಮನಸ್ಸಿನಲ್ಲಿ ಸಾಲು ಮಾಡಿಟ್ಟುಕೊಂಡಿದ್ದ ಮಾತು, ಹೇಳುವಾಗ ಇಷ್ಟೇ ಇತ್ತು. ಅವಳು ಲೋಟವನ್ನು ನನ್ನ ಕಡೆ ಸರಿಸಿ, "ಚಾ ಆರತೈತ್ರಿ," ಎಂದು ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು.

ಬೇರಿಂಗಿನ ಕೊಳವೆಯನ್ನು ಹೊರಗೆ ಒತ್ತಿದೆ. ಬುಶ್ಶು ಒಳಗೆ ಕೂತಿತು. ಕಡ್ಡಿಗೆ ಒಂದು ಹನಿ ಎಣ್ಣೆ ಬಿಟ್ಟೆ, ಒಂದೇ ಹನಿ. ಚಕ್ರ ಕೂರಿಸಿದೆ. ಅದು ತನ್ನ ಹಳೆಯ ಮಗ್ಗುಲಿಗೆ ಜೋತುಬಿತ್ತು. ಗಡಿಯಾರ ನೋಡಿದೆ. ಹದಿನೆಂಟು ನಿಮಿಷವಾಗಿತ್ತು.

ಬೆರಳಿನಿಂದ ತಳ್ಳಿದೆ.

ಟಕ್.

ಟಕ್.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಎಲ್ಲ ಸೇರಿ ಏಳು ಸಲ ಬಡಿದು ಚಕ್ರ ನಿಂತಿತು.

"ಇನ್ನೊಮ್ಮೆ ತಿರಗಸ್ರಿ ಕಾಕಾ," ಎಂದಳು ಒಳಗಿನಿಂದ.